ಸಿಟ್ಟು ಬರಿಸೋ ಲೇಖನಾನ ವಿಮರ್ಶೆ ಮಾಡೋದು ಹೇಗೆ?

ಪ್ರಶ್ನೆ: ನಾನು ಲಾ ಸ್ಟೂಡೆಂಟ್. ವಾಕ್ ಸ್ವಾತಂತ್ರ್ಯದ ಥಿಯರಿ ಮೇಲೆ ಒಂದೇ ಲೇಖನ ತಗೊಂಡು ವಿಮರ್ಶೆ ಬರೀಬೇಕು. ಅಮೆರಿಕದ ಕಾನೂನು ಪ್ರೊಫೆಸರ್ ರಾಬರ್ಟ್ ಬೋರ್ಕ್ 1971ರಲ್ಲಿ ಇಂಡಿಯಾನಾ ಲಾ ಜರ್ನಲ್‌ಗೆ ಬರೆದಿದ್ದನ್ನ ಆರಿಸ್ಕೊಂಡೆ. ಓದಿದ್ರೆ ಸಿಟ್ಟು ಬರುತ್ತೆ, ಬರೆಯೋಕೆ ಕೂತ್ರೆ ಏನೂ ಹೊಳೆಯಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಸಿಟ್ಟು ಬಂದಿದ್ದು ಅವರ ತೀರ್ಮಾನಕ್ಕೆ ಅಲ್ವಾ, ಅಂದ್ರೆ ನೇರವಾಗಿ ರಾಜಕೀಯದ ಮಾತಿಗೆ ಮಾತ್ರ ಸಂವಿಧಾನದ ರಕ್ಷಣೆ, ಕಥೆ ಕಾದಂಬರಿ ವಿಜ್ಞಾನಕ್ಕೆ ಇಲ್ಲ ಅನ್ನೋದಕ್ಕೆ. ಅದನ್ನ ಪಕ್ಕಕ್ಕಿಟ್ಟು ಅಲ್ಲಿಗೆ ಹೇಗೆ ಬಂದ್ರು ಅಂತ ನೋಡಿ. ಜಡ್ಜ್ ತನ್ನ ಇಷ್ಟಾನಿಷ್ಟ ತುರುಕಬಾರದು, ತಟಸ್ಥ ತತ್ವ ಬೇಕು, ಅಮೆರಿಕದ ಸಂವಿಧಾನ ಕೊಡೋ ತತ್ವ ಜನ ತಮ್ಮನ್ನ ತಾವೇ ಆಳ್ಕೊಳ್ಳೋದು, ಹಾಗಾಗಿ ಆಳ್ವಿಕೆ ಬಗ್ಗೆ ಆಡೋ ಮಾತಿಗಷ್ಟೇ ರಕ್ಷಣೆ.

ಈಗ ಪಕ್ಕದಲ್ಲಿ ಅಮೆರಿಕದ ತತ್ವಜ್ಞಾನಿ ಅಲೆಕ್ಸಾಂಡರ್ ಮೈಕಲ್‌ಜಾನ್‌ರನ್ನ ಇಟ್ಕೊಂಡು ಓದಿ. 1948ರಲ್ಲಿ ಅವರೂ ಶುರು ಮಾಡಿದ್ದು ಇದೇ ಸ್ವಯಮಾಡಳಿತದಿಂದ, ಆದ್ರೆ 1961ರ ಲೇಖನದಲ್ಲಿ ವೋಟು ಹಾಕೋರಿಗೆ ವಿವೇಚನೆ ಬರೋದೇ ಸಾಹಿತ್ಯ, ಕಲೆ, ವಿಜ್ಞಾನ, ಶಿಕ್ಷಣದಿಂದ ಅಂತ ಅವನ್ನೆಲ್ಲ ಒಳಗೆ ಸೇರಿಸಿದ್ರು. ಬುನಾದಿ ಒಂದೇ, ಬೇಲಿ ಮಾತ್ರ ಬೇರೆ ಬೇರೆ ಕಡೆ. ಹಾಗಾದ್ರೆ ಬೇಲಿ ಹಾಕಿದ್ದು ಆ ತತ್ವ ಒಂದೇ ಅಲ್ಲ, ಜೊತೆಗೆ ಇನ್ನೇನೋ ಇದೆ. ನಿಮ್ಮ ಪೇಪರ್ ಹುಡುಕಬೇಕಾದ್ದು ಅದನ್ನ.

ಇಲ್ಲಿ ಅವಸರ ಮಾಡ್ಬೇಡಿ, ಯಾಕಂದ್ರೆ ಬೋರ್ಕ್‌ಗೆ ಈ ಆಕ್ಷೇಪ ಗೊತ್ತಿತ್ತು. ಮನಸ್ಸನ್ನ ತಿದ್ದೋದು ಕಾದಂಬರಿ ಒಂದೇ ಅಲ್ಲ, ಬೇರೆ ಎಷ್ಟೋ ಕೆಲಸ, ಅನುಭವಗಳೂ ತಿದ್ದುತ್ವೆ, ಅವಕ್ಕೆಲ್ಲ ರಕ್ಷಣೆ ಕೊಡ್ತೀರಾ ಅಂತ ಕೇಳ್ತಾರೆ. ಇದು ಗಟ್ಟಿ ಉತ್ತರ. ಇದನ್ನ ಅವರಿಗಿಂತ ಚೆನ್ನಾಗಿ ನಿಮ್ಮ ಮಾತಲ್ಲಿ ಬರೆದು ಆಮೇಲೆ ಎದುರಿಸಿ, ಇಲ್ಲಾಂದ್ರೆ ನೀವು ಸೋಲಿಸಿದ್ದು ಅವರನ್ನಲ್ಲ.

ನನಗೆ ನಿಜವಾಗ್ಲೂ ದುರ್ಬಲ ಅನ್ನಿಸೋ ಜಾಗ ಬೇರೆ. ಸರ್ಕಾರ ಉರುಳಿಸಿ, ಕಾನೂನು ಮುರೀರಿ ಅನ್ನೋ ಮಾತಿಗೂ ಅವರು ರಕ್ಷಣೆ ಕೊಡಲ್ಲ. ಅದಕ್ಕಿಂತ ರಾಜಕೀಯದ ಮಾತು ಯಾವುದಿದೆ? ಅದನ್ನ ಹೊರಗಿಡೋಕೆ ಅವರು ಏನು ಕಾರಣ ಕೊಡ್ತಾರೆ, ಅದು ಮೊದಲು ಹೇಳಿದ ತಟಸ್ಥ ತತ್ವದಿಂದಲೇ ಹುಟ್ಟುತ್ತಾ ಅಂತ ಸಾಲು ಸಾಲಾಗಿ ನೋಡಿ, ಅರ್ಧ ಪೇಪರ್ ಅಲ್ಲೇ ಆಗುತ್ತೆ.

ಇನ್ನೊಂದು, ತೀರ್ಪುಗಳನ್ನ ಮೂಲದಲ್ಲೇ ಓದಿ. ಥಿಯೇಟರಲ್ಲಿ ಬೆಂಕಿ ಅಂತ ಕೂಗೋ ಉದಾಹರಣೆನ ಎಷ್ಟೋ ಜನ ತಪ್ಪಾಗಿ ಬರೀತಾರೆ, ಅಮೆರಿಕದ ಸುಪ್ರೀಂ ಕೋರ್ಟಿನ 1919ರ ಶೆಂಕ್ ಕೇಸಲ್ಲಿ ಜಸ್ಟೀಸ್ ಹೋಮ್ಸ್ ಹೇಳಿದ್ದು ಸುಳ್ಳೇ ಕೂಗೋದರ ಬಗ್ಗೆ. ಆ ಒಂದು ಪದ ಬಿಟ್ರೆ ವಾದಾನೇ ಬದಲಾಗುತ್ತೆ.

ಬೋರ್ಕ್ ಆಮೇಲೆ ತಾವೇ ರಾಜಕೀಯದ ಮಾತಿಗೆ ಮಾತ್ರ ರಕ್ಷಣೆ ಅನ್ನೋ ಆ ಗೆರೆ ಬಿಟ್ಕೊಟ್ರು, ಅವರನ್ನ ಸುಪ್ರೀಂ ಕೋರ್ಟ್ ಜಡ್ಜ್ ಮಾಡೋ ಬಗ್ಗೆ ನಡೆದ 1987ರ ಸೆನೆಟ್ ವಿಚಾರಣೆಯಲ್ಲೂ ಅದು ಚರ್ಚೆಗೆ ಬಂತು. ಇದನ್ನ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿ. ಅವರು ಬಿಟ್ರು ಅಂದ ಮಾತ್ರಕ್ಕೆ 1971ರ ವಾದ ತಪ್ಪು ಅಂತ ಆಗಲ್ಲ, ಅದನ್ನ ನೀವೇ ತೋರಿಸ್ಬೇಕು.