ಬೆಳಕಿತ್ತು, ಆದ್ರೆ ದಾರಿ ಇರ್ಲಿಲ್ಲ

ಪ್ರಶ್ನೆ: ಬಿಗ್ ಬ್ಯಾಂಗ್ ಆದಾಗ ಎಲ್ಲೆಲ್ಲೂ ಬೆಳಕೇ ತುಂಬಿತ್ತು ಅಂತಾರೆ, ಆದ್ರೆ ಮೊದಲ 3,80,000 ವರ್ಷದ ಬೆಳಕು ಯಾವ ಟೆಲಿಸ್ಕೋಪಿಗೂ ಸಿಗಲ್ಲ ಅಂತಾನೂ ಅಂತಾರೆ. ಇದು ಹೆಂಗೆ? ಆ ಬೆಳಕೆಲ್ಲ ಎಲ್ಲಿ ಹೋಯ್ತು?

ಉತ್ತರ: ಬೆಳಕಿಗೇನೂ ಬರ ಇರ್ಲಿಲ್ಲ, ಅದನ್ನ ನೆಟ್ಟಗೆ ಹೋಗೋಕೆ ಬಿಡ್ತಿರ್ಲಿಲ್ಲ ಅಷ್ಟೇ. ಆಗಿನ ಕಾವಿಗೆ ಪರಮಾಣು ಅನ್ನೋದೇ ನಿಲ್ತಿರ್ಲಿಲ್ಲ, ಎಲೆಕ್ಟ್ರಾನುಗಳೆಲ್ಲ ಬಿಡಿಬಿಡಿಯಾಗಿ ಅಲೀತಿದ್ವು, ಫೋಟಾನ್, ಅಂದ್ರೆ ಬೆಳಕಿನ ಕಣ, ಸ್ವಲ್ಪ ದೂರ ಹೋಗೋಷ್ಟರಲ್ಲಿ ಒಂದಕ್ಕೆ ಡಿಕ್ಕಿ ಹೊಡೆದು ದಿಕ್ಕು ತಪ್ಪೋದು, ಮತ್ತೆ ಇನ್ನೊಂದಕ್ಕೆ ಡಿಕ್ಕಿ. ದಟ್ಟ ಮಂಜಲ್ಲಿ ಹೆಡ್‌ಲೈಟ್ ಹಾಕಿದ್ರೆ ಎದುರಿಗೆ ಬರೀ ಬೆಳ್ಳಗೆ ಕಾಣುತ್ತಲ್ಲ, ಹಂಗೆ.

ನಂಗೆ ಮಜಾ ಅನ್ಸೋದು ಇದರ ಮುಂದಿನ ಭಾಗ. ಹೈಡ್ರೋಜನ್ನಿಂದ ಎಲೆಕ್ಟ್ರಾನ್ ಕೀಳೋಕೆ 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಆ ಲೆಕ್ಕ ಹಿಡಿದ್ರೆ ವಿಶ್ವ ಇನ್ನೂ ಎಷ್ಟೋ ಬಿಸಿ ಇದ್ದಾಗ್ಲೇ ಪರಮಾಣುಗಳು ಆಗ್ಬೇಕಿತ್ತು, ಆದ್ರೆ ಆಗಿದ್ದು ಸುಮಾರು 3000 ಕೆಲ್ವಿನ್‌ಗೆ ಇಳಿದ್ಮೇಲೆ. ಯಾಕಂದ್ರೆ ಒಂದೊಂದು ಪ್ರೋಟಾನಿಗೆ ನೂರು ಕೋಟಿಗೂ ಜಾಸ್ತಿ ಫೋಟಾನುಗಳಿದ್ವು, ಅಷ್ಟರಲ್ಲಿ ಎಲ್ಲೋ ಕೆಲವಕ್ಕೆ ಜೋರು ಇದ್ರೂ ಸಾಕಲ್ವಾ, ಆಗಷ್ಟೇ ಕೂಡ್ಕೊಂಡ ಪರಮಾಣುನ ಒಡೆದುಹಾಕೋಕೆ! ಆ ಕೆಲವೂ ಸೊರಗೋವರೆಗೆ ಕಾಯ್ಬೇಕಾಯ್ತು. ಆಮೇಲೆ ಎಲೆಕ್ಟ್ರಾನುಗಳು ಪರಮಾಣುಗಳೊಳಗೆ ಸೇರ್ಕೊಂಡ್ವು, ಬೆಳಕಿಗೆ ದಾರಿ ಸಿಕ್ತು.

ಹೋಗಿದ್ದೆಲ್ಲಿಗೆ ಅಂದ್ರೆ, ಎಲ್ಲಿಗೂ ಇಲ್ಲ. ದಾರಿ ಬಿಟ್ಟಾಗ ಕಿತ್ತಳೆ ಛಾಯೆ ಇದ್ದ ಆ ಬೆಳಕು, ವಿಶ್ವ ಸುಮಾರು 1100 ಪಟ್ಟು ಹಿಗ್ಗಿದ ಹಾಗೆ ತಾನೂ ಹಿಗ್ಗಿ ಈಗ ಮೈಕ್ರೋವೇವ್ ಆಗಿದೆ, ತಾಪ 2.725 ಕೆಲ್ವಿನ್. ನಿಮ್ಮ ಮುಂದಿರೋ ಒಂದೊಂದು ಘನ ಸೆಂಟಿಮೀಟರ್ ಜಾಗದಲ್ಲೂ ಸರಾಸರಿ 411 ಅಂಥ ಫೋಟಾನ್ ಇರುತ್ತೆ. 1964ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಪೆನ್ಜಿಯಾಸ್, ವಿಲ್ಸನ್ ಅನ್ನೋ ಇಬ್ಬರು ವಿಜ್ಞಾನಿಗಳಿಗೆ ಆಂಟೆನಾ ಯಾವ ಕಡೆ ತಿರುಗಿಸಿದ್ರೂ ಒಂದೇ ಸಮ ಗುಯ್ ಅನ್ನೋ ನಾಯ್ಸ್, ಪಾರಿವಾಳದ ಹಿಕ್ಕೆ ಕಾರಣ ಇರ್ಬಹುದು ಅಂತ ಅದನ್ನೂ ತೊಳೆದು ನೋಡಿದ್ರು, ಹೋಗ್ಲಿಲ್ಲ. ಅದೇ ಈ ಬೆಳಕು, 1978ರಲ್ಲಿ ನೊಬೆಲ್ ಬಂತು.

ಇನ್ನೊಂದು, ಆಮೇಲೆ ಹುಟ್ಟಿದ ನಕ್ಷತ್ರಗಳ ಅಲ್ಟ್ರಾವಯಲೆಟ್ ಕಿರಣ ಹೈಡ್ರೋಜನ್ನ ಮತ್ತೆ ಒಡೀತು. ಹಂಗಾದ್ರೆ ಮತ್ತೆ ಮಂಜು ಕವಿಯಬೇಕಿತ್ತಲ್ಲ ಅಂತ ಕೇಳ್ಬಹುದು, ಕವೀಲಿಲ್ಲ, ಅಷ್ಟೊತ್ತಿಗೆ ಎಲೆಕ್ಟ್ರಾನುಗಳು ಒಂದಕ್ಕೊಂದು ತುಂಬಾ ದೂರ ಆಗಿದ್ವು, ಬಹುಪಾಲು ಫೋಟಾನುಗಳು ಯಾವುದಕ್ಕೂ ತಾಗದೆ ದಾಟಿ ಬಂದ್ವು.