ಓದುಗರ ಪ್ರಶ್ನೆ: ಸೇಪಿಯಾ ಪ್ರಿಂಟಿನಲ್ಲಿ ಹಳದಿ ಕಲೆ, ನೀಲಿ ಚುಕ್ಕೆ

ಪ್ರಶ್ನೆ: ಡಾರ್ಕ್‌ರೂಮಿನಲ್ಲಿ ನಾನೇ ತೆಗೆದ ಕಪ್ಪು-ಬಿಳುಪು ಪ್ರಿಂಟುಗಳಿಗೆ ಬ್ಲೀಚ್ ಮತ್ತು ಸೋಡಿಯಂ ಸಲ್ಫೈಡ್ ಬಳಸಿ ಸೇಪಿಯಾ ಬಣ್ಣ ಕೊಡುತ್ತಿದ್ದೇನೆ. ಮುಖದ ತಿಳಿಭಾಗಗಳು ಅಳಿಸಿಹೋಗುತ್ತವೆ, ಬಿಳಿ ಅಂಚು ಹಳದಿಯಾಗುತ್ತದೆ, ಕೆಲವು ಪ್ರಿಂಟುಗಳಲ್ಲಿ ನೀಲಿ ಚುಕ್ಕೆಗಳೂ ಬಂದಿವೆ. ಟೋನರ್ (ಬಣ್ಣ ಕೊಡುವ ಸಲ್ಫೈಡ್ ದ್ರಾವಣ) ಕೆಟ್ಟಿದೆಯೇ?

ಉತ್ತರ: ಟೋನರನ್ನು ಚೆಲ್ಲುವ ಅವಸರ ಬೇಡ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ, ಪ್ರಿಂಟು ಟೋನರಿಗೆ ಇಳಿಯುವ ಮೊದಲೇ ಕೆಲಸ ಕೆಟ್ಟಿರುವಂತಿದೆ. ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ಸೇರಿದ ಬ್ಲೀಚು ಚಿತ್ರದ ಬೆಳ್ಳಿಯನ್ನು ಸಿಲ್ವರ್ ಬ್ರೋಮೈಡ್ ಆಗಿಸುತ್ತದೆ. ಸಲ್ಫೈಡು ಅದನ್ನು ಕಂದು ಬಣ್ಣದ ಸಿಲ್ವರ್ ಸಲ್ಫೈಡ್ ಆಗಿಸುತ್ತದೆ. ಆದರೆ ಸರಿಯಾಗಿ ತೊಳೆಯದ ಕಾಗದದಲ್ಲಿ ಹೈಪೊ (ಚಿತ್ರವಾಗದೆ ಉಳಿದ ಬೆಳ್ಳಿಯ ಲವಣವನ್ನು ತೆಗೆಯುವ ಫಿಕ್ಸರಿನ ರಾಸಾಯನಿಕ) ಉಳಿದಿದ್ದರೆ ಅದು ಫೆರಿಸಯನೈಡಿನೊಂದಿಗೆ ಕೂಡಿ ಬೆಳ್ಳಿಯನ್ನು ಕರಗಿಸಿಯೇ ಬಿಡುತ್ತದೆ. ದಟ್ಟವಾದ ಪ್ರಿಂಟನ್ನು ತಿಳಿಗೊಳಿಸಲು ಬಳಸುವ ಫಾರ್ಮರ್ಸ್ ರೆಡ್ಯೂಸರ್ ಎಂಬುದು ಇದೇ ಮಿಶ್ರಣ. ಬೆಳ್ಳಿ ತೆಳುವಾಗಿರುವ ಕೆನ್ನೆ, ಹಣೆಗಳೇ ಮೊದಲು ಹೋಗುತ್ತವೆ, ಹೋದದ್ದನ್ನು ಯಾವ ಟೋನರೂ ಮರಳಿ ತರಲಾರದು. ನೀರು ಹೀರುವ ಫೈಬರ್ ಕಾಗದವಾದರೆ ಬ್ಲೀಚಿಗೆ ಮೊದಲು ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯಿರಿ. ಪ್ಲಾಸ್ಟಿಕ್ ಲೇಪನದ ಆರ್‌ಸಿ ಕಾಗದಕ್ಕೆ ಕೆಲವು ನಿಮಿಷ ಸಾಕು.

ಹಳದಿ ಅಂಚಿಗೆ ಕಾರಣ ಹೆಚ್ಚಾಗಿ ಬಳಸಿ ಬಳಸಿ ಸತ್ವ ಕಳೆದುಕೊಂಡ ಫಿಕ್ಸರ್. ಕಾಗದದಲ್ಲಿ ಉಳಿದ ಬೆಳ್ಳಿಯ ಲವಣವನ್ನು ಸಲ್ಫೈಡು ಬಣ್ಣಕ್ಕೆ ತಿರುಗಿಸುತ್ತದೆ. ತೊಳೆದ ಪ್ರಿಂಟಿನ ಬಿಳಿ ಅಂಚಿನ ಮೇಲೆ ನೀರು ಬೆರೆಸಿದ ಸಲ್ಫೈಡಿನ ಒಂದು ಹನಿ ಇಟ್ಟು, ಎರಡು ಮೂರು ನಿಮಿಷಗಳ ಬಳಿಕ ಒತ್ತಿ ತೆಗೆದಾಗ ಕೆನೆಬಣ್ಣಕ್ಕಿಂತ ಗಾಢವಾದ ಕಲೆ ಕಂಡರೆ ಫಿಕ್ಸಿಂಗ್ ಸಾಲದಾಗಿದೆ ಎಂದೇ ಅರ್ಥ. ಬ್ಲೀಚಿನ ನಂತರವೂ ಅದರ ಹಳದಿ ಪೂರ್ತಿ ಬಿಡುವವರೆಗೆ ತೊಳೆಯಬೇಕು. ನೀಲಿ ಚುಕ್ಕೆಗಳು ಕಬ್ಬಿಣದ್ದು: ನಲ್ಲಿಯ ತುಕ್ಕೋ, ಎನಾಮಲ್ ಕಿತ್ತುಹೋದ ಟ್ರೇಯೋ ಫೆರಿಸಯನೈಡಿಗೆ ಸಿಕ್ಕಿದೆ. ಪ್ಲಾಸ್ಟಿಕ್ ಟ್ರೇ ಬಳಸಿ.

ಇಷ್ಟೆಲ್ಲ ಸರಿಯಿದ್ದರೂ ಸೇಪಿಯಾದಲ್ಲಿ ಚಿತ್ರ ಒಂದಿಷ್ಟು ತಿಳಿಯಾಗಿ ಕಾಣುವುದು ಸಹಜ. ಆದ್ದರಿಂದ ಮೂಲ ಪ್ರಿಂಟನ್ನೇ ತುಸು ದಟ್ಟವಾಗಿ ತೆಗೆಯಿರಿ. ನನ್ನನ್ನು ಕೇಳಿದರೆ ಪೂರ್ತಿ ಬ್ಲೀಚ್ ಮಾಡುವ ಅಗತ್ಯವೂ ಇಲ್ಲ. ಬ್ಲೀಚಿಗೆ ಹೆಚ್ಚು ನೀರು ಬೆರೆಸಿದರೆ ಅದರ ಕೆಲಸ ನಿಧಾನವಾಗುತ್ತದೆ, ತಿಳಿಭಾಗಗಳು ಮಾಸಿ ಕೂದಲಿನ ಕಪ್ಪು ಇನ್ನೂ ಕಪ್ಪಾಗಿಯೇ ಇರುವ ಕ್ಷಣದಲ್ಲಿ ಪ್ರಿಂಟನ್ನು ಎತ್ತಿ ನೀರಿಗೆ ಹಾಕಬಹುದು. ಆಗ ಮುಖ ಕಂದಾಗುತ್ತದೆ, ನೆರಳು ಕಪ್ಪಾಗಿಯೇ ಉಳಿದು ಚಿತ್ರಕ್ಕೆ ಆಳ ಬರುತ್ತದೆ.

ಈ ಕೆಲಸಕ್ಕೆ ಕತ್ತಲೆ ಬೇಕಿಲ್ಲ, ಗಾಳಿ ಬೇಕು. ಸಲ್ಫೈಡಿನ ಕೊಳೆತ ಮೊಟ್ಟೆಯಂಥ ನಾತ ವಿಷಕಾರಿ ಅನಿಲದ್ದು. ಆಮ್ಲ ತಾಗಿದರೆ ಅದು ಅಪಾಯದ ಮಟ್ಟಕ್ಕೆ ಏರುತ್ತದೆ, ಹತ್ತಿರದಲ್ಲಿಟ್ಟ ಹೊಸ ಕಾಗದವನ್ನೂ ಕೆಡಿಸುತ್ತದೆ. ನಾತ ಸಹಿಸಲಾಗದಿದ್ದರೆ ಥಯೋಯೂರಿಯಾ ಟೋನರ್ ಇದೆ. ಅದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಹೆಚ್ಚಿದಷ್ಟೂ ಕಂದು ಗಾಢವಾಗುತ್ತದೆ, ಕಡಿಮೆಯಾದರೆ ಹಳದಿಯತ್ತ ವಾಲುತ್ತದೆ. ಎರಡಕ್ಕೂ ಕೈಗವಸು ತಪ್ಪಿಸಬೇಡಿ.