50 ದಾಟಿದ ಶಿಕ್ಷಕರಿಗೆ ಕ್ಲಾಸಿನಲ್ಲಿ ಟೆಕ್ನಾಲಜಿ ಬಳಸೋದನ್ನ ಕಲಿಸೋದು ಹೇಗೆ?

ಸಿಂಧನೂರು ಕಡೆ ಹೊಸದಾಗಿ ಸಿಆರ್‌ಪಿ (ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗೋ ಸಂಪನ್ಮೂಲ ವ್ಯಕ್ತಿ) ಆಗಿದ್ದೀರಿ. ಎರಡು ದಿನದ ತರಬೇತಿಗೆ ಯಾವ್ಯಾವ ಆ್ಯಪ್ ಇಡಲಿ, ಆಸಕ್ತಿ ಇಲ್ಲದ ಹಿರಿಯರನ್ನ ಬಿಟ್ಟು ಕಿರಿಯರಿಗಷ್ಟೇ ಮಾಡಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನ ನೋಡಿ ಅಲ್ಲ. "ಅವರಿಗೆ ಇಂಟ್ರೆಸ್ಟ್ ಇಲ್ಲ ಸರ್" ಅಂತ ನಾನೂ ನಮ್ಮ ಹೆಡ್‌ಮಾಸ್ತರ ಮುಂದೆ ಹೇಳಿದವನೇ.

ನಾನು ಕೊಪ್ಪಳ ಜಿಲ್ಲೆಯವನು. ಗಂಗಾವತಿ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆ ಬಯಲಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಅದೇ ಕಾಲುವೆ ಮುಂದೆ ನಿಮ್ಮ ಕಡೆ ಬರುತ್ತೆ. ಮೇಲಿನವರು ನೀರೆಲ್ಲ ಹಿಡ್ಕೊಂಡ್ರು ಅಂತ ಬೈಬೇಡಿ, ನನಗೆ ಹೊಲ ಇಲ್ಲ. ನಾನು ಸೇರಿದಾಗ ಸ್ಟಾಫ್‌ನಲ್ಲಿ ನಾನೇ ಚಿಕ್ಕವನು. ಹಾಗಾಗಿ ಮಕ್ಕಳ ಮಾಹಿತಿ ಆನ್‌ಲೈನ್ ತುಂಬೋ ಸ್ಯಾಟ್ಸ್ ಎಂಟ್ರಿ ನನ್ನದು, ಬಿಸಿಯೂಟದ ಲೆಕ್ಕ ಕಳಿಸೋದು ನನ್ನದು, ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯೋರು. ಸುಳ್ಳು ಯಾಕೆ ಹೇಳಲಿ, ಖುಷಿನೇ ಆಗ್ತಿತ್ತು.

2020ರ ಅಕ್ಟೋಬರ್‌ನಲ್ಲಿ ಶಿಕ್ಷಕರಿಗೆ ಕೇಂದ್ರ ಸರ್ಕಾರದ ನಿಷ್ಠಾ ತರಬೇತಿ, ಪಾಠದ ವಿಡಿಯೋಗಳಿರೋ ಸರ್ಕಾರಿ ದೀಕ್ಷಾ ಆ್ಯಪ್‌ನಲ್ಲಿ ಆನ್‌ಲೈನ್ ಆಗಿ ಶುರುವಾಯಿತು. ಒಟ್ಟು 18 ಮಾಡ್ಯೂಲ್. ವಿಡಿಯೋ ನೋಡಬೇಕು, ಓದಬೇಕು, ಕೊನೆಗೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಆಮೇಲೆ ಸರ್ಟಿಫಿಕೇಟ್. ಕೊರೊನಾ ಕಾಲ. ಮಕ್ಕಳಿಲ್ಲ, ನಾವು ಮಾತ್ರ ಶಾಲೆಗೆ ಹೋಗ್ತಿದ್ವಿ. ಯಾರು ಎಷ್ಟು ಮುಗಿಸಿದ್ರು ಅಂತ ಗ್ರೂಪ್‌ನಲ್ಲಿ ದಿನಾ ಪಟ್ಟಿ ಬರೋದು. ನಮ್ಮ ಶಾಲೆ ಯಾವಾಗಲೂ ಕೆಳಗೆ.

ಆಗ ನಾನು ಮಾಡಿದ ಕೆಲಸವನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ, ಅದೂ ಒಳ್ಳೆಯ ಮನಸ್ಸಿನಿಂದಲೇ ಮಾಡ್ತೀರಿ.

ಎಲ್ಲರ ಫೋನು ಇಸ್ಕೊಂಡೆ. ನನ್ನದೂ ಸೇರಿ ಏಳು. ಸ್ಟಾಫ್‌ರೂಮಿನ ಮೇಜಿನ ಮೇಲೆ ಹಾಜರಿ ಪುಸ್ತಕಗಳಿಗೆ ಒರಗಿಸಿ ಸಾಲಾಗಿ ನಿಲ್ಲಿಸಿದೆ. ಎಲ್ಲದಕ್ಕೂ ನನ್ನ ಹಾಟ್‌ಸ್ಪಾಟ್. ಧ್ವನಿ ಬಂದ್ ಮಾಡಿ ಒಂದೇ ವಿಡಿಯೋವನ್ನ ಏಳರಲ್ಲೂ ಓಡಿಸಿದೆ. ಮುಗಿದ ಹಾಗೆ ಮುಂದಿನದು ಒತ್ತುತ್ತಾ ಹೋಗೋದು. ಪ್ರಶ್ನೆ ಬಂದಾಗ ಮೊದಲು ನನ್ನ ಫೋನಿನಲ್ಲಿ ಉತ್ತರ ಕೊಡೋದು, ಯಾವುದು ಸರಿ ಅಂತ ನೋಡ್ಕೊಂಡು ಉಳಿದ ಆರಕ್ಕೂ ಅದನ್ನೇ ಹಾಕೋದು. ಎಲ್ಲರ ಪಾಸ್‌ವರ್ಡ್ ನಾನೇ ಇಟ್ಟೆ, ಎಲ್ಲದಕ್ಕೂ ಒಂದೇ. ಆಚೆ ಜಗಲಿ ಮೇಲೆ ಉಳಿದವರು ವಗ್ಗರಣಿ-ಮಿರ್ಚಿ ತಿಂತಾ ಕೂತಿದ್ರು. ಒಬ್ಬರು ಇಣುಕಿ ನೋಡಿ, "ಏನ್ರೀ ಸರ, ತರಬೇತಿ ಜೋರ್ ನಡದೈತಿ" ಅಂದ್ರು. ನಾನೂ ನಕ್ಕೆ. ಹೀಗೇ ಕೂತು ಕೂತು 18 ಮಾಡ್ಯೂಲೂ ಮುಗಿಸಿದೆ. ಪಟ್ಟಿಯಲ್ಲಿ ನಮ್ಮ ಶಾಲೆ ಮೇಲೆ ಬಂತು.

ಇಷ್ಟೇ ಆಗಿದ್ರೆ ಇದನ್ನ ತಪ್ಪು ಅಂತ ಹೇಳ್ತಾ ಕೂರ್ತಿರಲಿಲ್ಲ. ಎಷ್ಟೋ ಕಡೆ ಹೀಗೇ ನಡೆಯಿತು, ಕೆಲವರ ಮನೆಯಲ್ಲಿ ಮಕ್ಕಳು ಮಾಡಿಕೊಟ್ಟರು. ಆದರೆ ಆ ಏಳು ಫೋನಿನಲ್ಲಿ ಒಂದು ನಮ್ಮ ವಿಜ್ಞಾನದ ಅಕ್ಕೋರದ್ದು (ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅಂತೀವಿ). ಆಗ ಅವರಿಗೆ 54. ಅವರು ಫೋನು ತಂದು ಮೇಜಿನ ಮೇಲೆ ಇಟ್ಟಿರಲಿಲ್ಲ. ಮೂಲೆಯಲ್ಲಿ ಕೂತು ತಾವೇ ನೋಡ್ತಾ ಇದ್ರು. ನಡುವೆ ನೆಟ್ ನಿಂತು ಚಕ್ರ ತಿರುಗ್ತಾ ಇತ್ತು. ನಾನು ಹೋಗಿ, "ಕೊಡ್ರಿ ಅಕ್ಕೋರ, ನಾ ಹಚ್ಚತೀನಿ" ಅಂತ ಕೈಯಿಂದ ಇಸ್ಕೊಂಡೆ. ಅವರು ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು.

ಮುಂದೆ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ದೊಡ್ಡ ಟಿವಿ ಕೊಡಿಸಿದರು. ಒಂದು ದಿನ ಇಲಾಖೆಯ ಮೇಲಧಿಕಾರಿಯೊಬ್ಬರು ಭೇಟಿಗೆ ಬಂದರು. "ಎಲ್ಲರದೂ ತರಬೇತಿ ಮುಗಿದಿದೆ ಅಂತ ಇದೆಯಲ್ಲ, ಟಿವಿ ಹಾಕಿ ಒಂದು ಪಾಠ ತೋರಿಸ್ರಿ" ಅಂದ್ರು. ಆಗ ಎಂಟನೆಯ ಕ್ಲಾಸಿನಲ್ಲಿದ್ದವರು ಅಕ್ಕೋರು. ರಿಮೋಟ್ ಹಿಡಿದು ಒತ್ತಿದರು. ನೀಲಿ ಪರದೆ, ಸಿಗ್ನಲ್ ಇಲ್ಲ. ಮತ್ತೆ ಒತ್ತಿದರು, ಮತ್ತೆ ನೀಲಿ. ನಾನು ಬಾಗಿಲಲ್ಲಿ ರಿಜಿಸ್ಟರ್ ಹಿಡ್ಕೊಂಡು ನಿಂತಿದ್ದೆ. ಚಿತ್ರ ಎಲ್ಲಿಂದ ಬರಬೇಕು ಅಂತ ಆರಿಸೋ ಸೋರ್ಸ್ ಬದಲಿಸಿದರೆ ಮುಗೀತು, ಒಂದೇ ಗುಂಡಿ. ಒಳಗೆ ಹೋಗಿ ಹೇಳೋಕೂ ಆಗಲಿಲ್ಲ, ಸುಮ್ನೆ ಇರೋಕೂ ಆಗಲಿಲ್ಲ. ಕೊನೆಗೆ ಅಕ್ಕೋರು ರಿಮೋಟ್ ಮೇಜಿನ ಮೇಲಿಟ್ಟು ಸೀಮೆಸುಣ್ಣ ತಗೊಂಡು ಪಾಠ ಮಾಡಿದರು. ಒಳ್ಳೆಯ ಪಾಠನೇ. ಆದರೆ ಬಂದವರು ಭೇಟಿ ಪುಸ್ತಕದಲ್ಲಿ ಬರೆದದ್ದು ಟಿವಿ ಬಗ್ಗೆ.

ಸಂಜೆ ಕ್ಷಮೆ ಕೇಳೋಣ ಅಂತ ಹೋದೆ. ಅವರು ಚೀಲದಿಂದ ಒಂದು 200 ಪುಟದ ನೋಟ್‌ಬುಕ್ ತೆಗೆದು ತೋರಿಸಿದರು. ಮೊದಲ ಪುಟದಲ್ಲಿ ದುಂಡಗೆ "ಮಾಡ್ಯೂಲ್ 1" ಅಂತ ಬರೆದು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದರು. ಒಂದೂವರೆ ಪುಟ ಟಿಪ್ಪಣಿ. ಆಮೇಲೆ ಖಾಲಿ.

"ನಾ ಬರಕೊಳ್ಳಾಕತ್ತಿದ್ದೆ ತಮ್ಮಾ. ನೀ ಕಸ್ಕೊಂಡಿ."

ಈಗ ಗೊತ್ತಾಯ್ತಲ್ವಾ, "ಆಸಕ್ತಿ ಇಲ್ಲ" ಅನ್ನೋ ಮಾತು ಕೇಳಿದರೆ ನನಗೆ ಯಾಕೆ ಉರಿಯುತ್ತೆ ಅಂತ? ಆ ಅಕ್ಕೋರನ್ನ ನಾನು ಆಸಕ್ತಿ ಇಲ್ಲದವರ ಲೆಕ್ಕಕ್ಕೆ ಸೇರಿಸಿದ್ದೆ. ನಿಮ್ಮ ಹಿರಿಯರು ಫೋನ್‌ಪೇ ಮಾಡಲ್ವಾ? ಬೆಂಗಳೂರಲ್ಲಿರೋ ಮೊಮ್ಮಗುವಿಗೆ ವಿಡಿಯೋ ಕಾಲ್ ಮಾಡಲ್ವಾ? ಬೆಳಿಗ್ಗೆ ಐದಕ್ಕೇ ಗುಡ್ ಮಾರ್ನಿಂಗ್ ಕಳಿಸೋರು ಯಾರು ಮತ್ತೆ? ಅವರಿಗೆ ಬೇಡವಾಗಿರೋದು ನಾಲ್ಕು ಜನರ ಮುಂದೆ ತಪ್ಪು ಗುಂಡಿ ಒತ್ತಿ, ಮಕ್ಕಳ ವಯಸ್ಸಿನವರಿಂದ "ಹಂಗಲ್ರೀ" ಅನ್ನಿಸಿಕೊಳ್ಳೋದು. ಅದು ಯಾರಿಗೆ ಬೇಕು ಹೇಳಿ. ಹಿರಿಯರನ್ನ ಬಿಟ್ಟು ಕಿರಿಯರಿಗಷ್ಟೇ ಕಲಿಸಿದರೆ ನನ್ನಂಥವನು ಪ್ರತಿ ಶಾಲೆಗೊಬ್ಬ ತಯಾರಾಗ್ತಾನೆ. ಏಳು ಫೋನು ಸಾಲಾಗಿ ನಿಲ್ಲಿಸೋದನ್ನ ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದ್ರೆ ಅಕ್ಕೋರು ಕಲಿತದ್ದು ಹೇಗೆ? ತರಬೇತಿಯಿಂದ ಅಂತೂ ಅಲ್ಲ. ಡ್ಯಾಮಿನ ಗೇಟು ಹೋಯ್ತಲ್ಲ, ಅದರಿಂದ.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಡ್ಯಾಮಿನ 33 ಗೇಟ್‌ಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಆ ವಾರ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ, ನಿಮ್ಮ ಕಡೆಯೂ ಹಾಗೇ ಇದ್ದಿರುತ್ತೆ. ತುಂಬಿದ ಡ್ಯಾಮು, ಸುಮಾರು 105 ಟಿಎಂಸಿ, ಕಣ್ಣೆದುರೇ ಹರಿದು ಹೋಗ್ತಾ ಇದೆ. ಸೋಮವಾರ ಎಂಟನೆಯ ಕ್ಲಾಸಿನ ಹುಡುಗರು ಅಕ್ಕೋರನ್ನ ಹಿಡ್ಕೊಂಡ್ರು. ಹೊಸ ಗೇಟು ಕೂರಿಸಬೇಕಾದ್ರೆ ಮೊದಲು ನೀರು ಖಾಲಿ ಮಾಡಬೇಕು ಅಂತಾರಲ್ಲ, ಯಾಕೆ? ಅವರ ಮನೆಯಲ್ಲಿ ಭತ್ತ ನಾಟಿ ಆಗಿತ್ತು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ಎಂಟನೆಯ ಕ್ಲಾಸಿನಲ್ಲಿ "ಬಲ ಮತ್ತು ಒತ್ತಡ" ಪಾಠ ಇದ್ದೇ ಇದೆ. ಅಕ್ಕೋರ ಫೋನಿನಲ್ಲಿ ಗೇಟಿನ ವಿಡಿಯೋ ಮೂರು ಬಂದಿದ್ದವು.

ಮಧ್ಯಾಹ್ನ ನನ್ನ ಹತ್ತಿರ ಬಂದು, "ಇದನ್ನ ಟಿವಿಯೊಳಗ ಹಾಕೂದು ಹೆಂಗ?" ಅಂದ್ರು. ನಾನು ಕೈ ಚಾಚಿದೆ. ಅವರು ಫೋನು ಹಿಂದಕ್ಕೆ ಎಳ್ಕೊಂಡ್ರು. "ಹೇಳು ಅಷ್ಟ."

ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತೆ. ನಿಜಕ್ಕೂ ಕಟ್ಟಿಕೊಂಡೆ, ಇಲ್ಲಾಂದ್ರೆ ತಡೆಯೋಕೆ ಆಗಲ್ಲ. ಪೆನ್‌ಡ್ರೈವ್ ಫೋನಿಗೆ ಸಿಕ್ಕಿಸಿದರು. ಫೈಲ್‌ಗಳು ತೆರೆದವು. ವಾಟ್ಸಾಪ್ ವಿಡಿಯೋ ಫೋಲ್ಡರ್ ಹುಡುಕೋಕೆ ಹತ್ತು ನಿಮಿಷ. ಒಳಗೆ ನೂರಾರು ಫೈಲು, ಯಾವುದಕ್ಕೂ ಸರಿಯಾದ ಹೆಸರಿಲ್ಲ, ಬರೀ ಅಕ್ಷರ, ಅಂಕಿ. ನಾನು ಬಾಯಿ ತೆರೆಯೋಷ್ಟರಲ್ಲಿ ಅಕ್ಕೋರು, "ತಡಿ, ಇದು ತಾರೀಕ ಅಲ್ಲೇನು?" ಅಂದ್ರು. ಹೌದು. ಹೆಸರಿನ ನಡುವೆ 20240811 ಅಂತ ಇತ್ತು. ವರ್ಷ, ತಿಂಗಳು, ದಿನ. ಇಷ್ಟು ವರ್ಷ ಆ ಫೈಲ್‌ಗಳನ್ನ ನೋಡ್ತಾ ಬಂದ ನಾನು ಅದನ್ನ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನೀಲಿ ಪರದೆ ಬಂದಾಗ ಮಾತ್ರ "ಸೋರ್ಸ್ ಒತ್ರಿ" ಅಂದೆ. ಒಟ್ಟು 40 ನಿಮಿಷ ಹಿಡಿಯಿತು. ನಾನು ಮಾಡಿದ್ರೆ ಎರಡು ನಿಮಿಷ.

ಮರುದಿನದ ಪಾಠ ನಾನು ಹಿಂದಿನ ಬೆಂಚಲ್ಲಿ ಕೂತು ನೋಡಿದೆ. ವಿಡಿಯೋ ಹಾಕಿದರು, ನೀರು ನುಗ್ಗುವ ಕಡೆ ನಿಲ್ಲಿಸಿದರು. ಮೇಜಿನ ಮೇಲೆ ಒಂದು ನೀರಿನ ಬಾಟಲಿ, ಬೇರೆ ಬೇರೆ ಎತ್ತರದಲ್ಲಿ ಮೂರು ತೂತು. ಬಾಟಲಿ ತುಂಬಿಸಿದಾಗ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮಿತು. ನೀರು ಇಳಿದ ಹಾಗೆ ಅದೂ ಸೊರಗಿತು. "ಈಗ ಹೇಳ್ರಿ, ತುಂಬಿದ ಡ್ಯಾಮಿಗೆ ಗೇಟ್ ಕೂಡಿಸೂದು ಯಾಕ ಕಷ್ಟ?" ಒಬ್ಬ ಹುಡುಗ ಎದ್ದು ಬಂದು ಬೆರಳಿಂದ ಆ ತೂತು ಮುಚ್ಚಿ ನೋಡಿದ, ಉಳಿದವರೆಲ್ಲ ಸಾಲಾಗಿ ನಿಂತ್ರು. ವಾರದೊಳಗೆ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟನ್ನ ತುಂಡು ತುಂಡಾಗಿ ಇಳಿಸಿದರಲ್ಲ, ಆ ವಿಡಿಯೋ ಬಂದಾಗ ಅಕ್ಕೋರು ನನ್ನನ್ನ ಕೇಳಲೇ ಇಲ್ಲ. ತಾವೇ ಹಾಕಿದರು. ತುಂಡು ಮಾಡಿ ಇಳಿಸಿದ್ದು ಯಾಕೆ ಅಂತ ಮತ್ತೆ ಒಂದು ಪೀರಿಯಡ್.

ನಿಮ್ಮ ಎರಡು ದಿನದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಆ್ಯಪ್ ಪಟ್ಟಿ ಹರಿದು ಹಾಕಿ. ಪಿಪಿಟಿ ಮಾಡೋದು ಕಲಿಸಬೇಡಿ, ಪಠ್ಯಪುಸ್ತಕದ ಸಾಲುಗಳನ್ನೇ ಪರದೆ ಮೇಲೆ ಓದಿಸೋಕೆ ಟಿವಿ ಯಾಕೆ ಬೇಕು? ಪ್ರತಿಯೊಬ್ಬರೂ ಮುಂದಿನ ವಾರ ಮಾಡೋ ಒಂದು ಪಾಠ ಹಿಡ್ಕೊಂಡು ಬರಲಿ. ಆ ಪಾಠಕ್ಕೆ ಒಂದು ವಿಡಿಯೋನೋ, ಒಂದು ಫೋಟೋನೋ ತಮ್ಮ ಫೋನಿನಿಂದ ಟಿವಿಗೆ ತಾವೇ ತರಲಿ. ಎರಡು ದಿನದಲ್ಲಿ ಅಷ್ಟಾದರೆ ಬೇಕಾದಷ್ಟಾಯಿತು. ತರಬೇತಿ ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಹಾಲ್‌ನಲ್ಲಿ ಬೇಡ. ಅಲ್ಲಿನ ಪ್ರೊಜೆಕ್ಟರ್ ಬೇರೆ, ಅವರ ಶಾಲೆಯ ಟಿವಿ ಬೇರೆ. ಅವರ ಕ್ಲಾಸ್‌ರೂಮಿನಲ್ಲೇ ಮಾಡಿ, ಮಕ್ಕಳು ಮನೆಗೆ ಹೋದ ಮೇಲೆ.

ಆ್ಯಪ್ ಹೆಸರು ಬೇಕೇ ಬೇಕು ಅಂದ್ರೆ ಎರಡು ಹೇಳ್ತೀನಿ. ದೀಕ್ಷಾ ಎಲ್ಲರ ಫೋನಿನಲ್ಲೂ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮನೆಯಲ್ಲೇ ಸ್ಕ್ಯಾನ್ ಮಾಡಿ ಇಳಿಸಿಕೊಂಡು ಬರೋಕೆ ಹೇಳಿ, ಕ್ಲಾಸಿನಲ್ಲಿ ನೆಟ್ ನಂಬಬೇಡಿ. ವಿಜ್ಞಾನ, ಗಣಿತದವರಿಗೆ ಫೆಟ್ (PhET) ಸಿಮ್ಯುಲೇಶನ್‌ಗಳು, ಅಂದ್ರೆ ಪರದೆ ಮೇಲೆ ಮಾಡಿ ನೋಡೋ ಪ್ರಯೋಗಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಮಾಡಿದ್ದು, ಅವರ ವೆಬ್‌ಸೈಟಿನಲ್ಲಿ ದುಡ್ಡು ಕೊಡಬೇಕಾಗಿಲ್ಲ, ಹಲವು ಕನ್ನಡದಲ್ಲೂ ಇವೆ. ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತೆ.

ಇನ್ನೊಂದು, ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಯಾರಿಗೂ ಕಳಿಸಬೇಡಿ. ಫೋನಿನಲ್ಲಿ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಹಿರಿಯರು ಅದನ್ನ ನೋಡಿ ತಮ್ಮ ಫೋನೇ ಕೆಟ್ಟಿದೆ ಅಂದ್ಕೊಳ್ತಾರೆ. ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣೋ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕೀಲಿಮಣೆ ಅದೇ ಇಟ್ಕೊಳ್ಳಬಹುದು.

ಪೆನ್‌ಡ್ರೈವ್ ತಗೊಳ್ಳುವಾಗ ಎರಡೂ ಕಡೆ ಮೂತಿ ಇರೋದು ತಗೊಳ್ಳಿ, ಒಂದು ಫೋನಿಗೆ, ಇನ್ನೊಂದು ಟಿವಿಗೆ. ನಮ್ಮ ಶಾಲೆಯದು ಅಕ್ಕೋರ ಚೀಲದಲ್ಲೇ ಇರುತ್ತೆ. ನನಗೆ ಬೇಕಾದ್ರೂ ಅವರನ್ನೇ ಕೇಳಬೇಕು.